ರಿಪೇರಿ ಮೈಕ್ರೋಸ್ಕೋಪಿನ ಕೆಳಗೆ ನಾಲ್ಕು ಗೋಲ್ಡ್‌ಫಿಶ್

ಶಿರಸಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಅಂಗಡಿಯ ಮುಂಭಾಗದಲ್ಲಿ ಮೂರಡಿ ಉದ್ದದ ಮೀನಿನ ತೊಟ್ಟಿ ಇಟ್ಟಿದ್ದೇನೆ. ಡಿಸ್‌ಪ್ಲೇ ಹಾಕಿಸಿಕೊಳ್ಳಲು ಬಂದವರು ಕಾಯುವಾಗ ಅದನ್ನೇ ನೋಡುತ್ತ ಕೂರುತ್ತಾರೆ. ತೊಟ್ಟಿಯ ನಾಲ್ಕು ಮೂಲೆಯ ಸಿಲಿಕೋನ್ ಅಂಟು ತಿಳಿ ನೀಲಿ ಬಣ್ಣದಲ್ಲಿದೆ. ಡಿಸೈನಾ ಅಂತ ಕೇಳುತ್ತಾರೆ. ಅಲ್ಲ, ಅದು ಹೋದ ಮಳೆಗಾಲದ ಕಲೆ.

ಹೋದ ವರ್ಷ ಹೊಸದಾಗಿ ತಂದ ಎರಡು ಮೀನು ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಮೀನಿನ ಅಂಗಡಿಗೆ ಫೋನ್ ಮಾಡಿ ಕೇಳಿದರೆ "ಹುಳ ಇರಬೇಕು, ನೀಲಿ ಔಷಧಿ ಹಾಕಿ" ಎಂದರು. ಹಾಕಿದೆ. ಕಡಿಮೆಯಾಗಲಿಲ್ಲ ಅಂತ ಇನ್ನೂ ಸ್ವಲ್ಪ ಹಾಕಿದೆ. ನಾಲ್ಕನೇ ದಿನದಿಂದ ಒಂದೊಂದೇ ಮೀನು ತೇಲತೊಡಗಿತು. ಒಟ್ಟು ಏಳು. ಹುಳದಿಂದಲೇ ಸತ್ತವು ಅಂತ ಬಹಳ ದಿನ ನಂಬಿದ್ದೆ. ಆ ನೀಲಿ ಔಷಧಿ, ಅಂದರೆ ಮೆಥಿಲೀನ್ ಬ್ಲೂ, ಫಿಲ್ಟರಿನೊಳಗಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಅವು ಸತ್ತರೆ ಮೀನು ಹೊರಬಿಡುವ ಅಮೋನಿಯಾ ನೀರಲ್ಲೇ ಉಳಿಯುತ್ತದೆ ಅಂತ ಆಮೇಲೆ ಗೊತ್ತಾಯಿತು. ನನ್ನ ಮೀನು ಹುಳದಿಂದ ಸತ್ತವೋ ಔಷಧಿಯಿಂದ ಸತ್ತವೋ, ಇವತ್ತಿಗೂ ಎದೆ ತಟ್ಟಿ ಹೇಳಲಾರೆ. ಯಾಕೆಂದರೆ ನಾನು ನೋಡಲೇ ಇಲ್ಲ. ಮಲ್ಟಿಮೀಟರ್ ಹಿಡಿಯದೆ ಒಂದು ಐಸಿಯನ್ನೂ ಕೀಳದವನು ಮೀನಿನ ವಿಷಯದಲ್ಲಿ ಕಣ್ಣುಮುಚ್ಚಿ ಬಾಟಲಿ ಬಗ್ಗಿಸಿದ್ದೆ.

ಈ ವರ್ಷ ಜುಲೈ ಮೊದಲ ವಾರ ಹುಬ್ಬಳ್ಳಿಯಿಂದ ನಾಲ್ಕು ಒರಾಂಡಾ ಗೋಲ್ಡ್‌ಫಿಶ್ ತಂದೆ. ಮೂರು ಇಂಚಿನವು. ನಮ್ಮ ಕಡೆ ಬರುವ ಬಣ್ಣದ ಮೀನುಗಳಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರಿನಲ್ಲಿ ಹುಟ್ಟಿದವು. ಅಲ್ಲಿಂದ ಕೈಯಿಂದ ಕೈಗೆ, ಪ್ಲಾಸ್ಟಿಕ್ ಕೊಟ್ಟೆಯಿಂದ ಕೊಟ್ಟೆಗೆ, ಊರಿಂದ ಊರಿಗೆ ಬರುತ್ತವೆ. ಪ್ರತಿ ನಿಲ್ದಾಣದಲ್ಲೂ ಬೇರೆ ಮೀನಿನ ಸಹವಾಸ, ಬೇರೆ ನೀರು. ಹುಳ ಹತ್ತದಿದ್ದರೇ ಆಶ್ಚರ್ಯ.

ಮಳೆಯಲ್ಲಿ ಬಸ್ಸು ತಡವಾಗಿ ಬಂತು. ಅಂಗಡಿ ಮುಟ್ಟುವಾಗ ಮೀನು ಕೊಟ್ಟೆಯೊಳಗೆ ಆರು ತಾಸು ಕಳೆದಿದ್ದವು. ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ. ಗಂಟು ಬಿಚ್ಚಿ ಕೊಟ್ಟೆಗೆ ಸ್ವಲ್ಪ ಸ್ವಲ್ಪ ನೀರು ಹಾಕುತ್ತ ಒಂದು ತಾಸು ಕೂರುವ ಪದ್ಧತಿ ಇದೆಯಲ್ಲ, ದೂರದಿಂದ ಬಂದ ಮೀನಿಗೆ ಅದು ಒಳ್ಳೆಯದಲ್ಲ. ಮುಚ್ಚಿದ ಕೊಟ್ಟೆಯಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅಂದರೆ ನೀರು ಹುಳಿಯ ಕಡೆಗೆ ಹೋಗಿರುತ್ತದೆ. ಪಿಎಚ್ ಕಡಿಮೆ ಇದ್ದಾಗ ಅಮೋನಿಯಾ ಹೆಚ್ಚು ತೊಂದರೆ ಕೊಡದ ಅಮೋನಿಯಂ ರೂಪದಲ್ಲಿರುತ್ತದೆ. ಗಂಟು ಬಿಚ್ಚಿದರೆ ಗ್ಯಾಸು ಹೋಗುತ್ತದೆ, ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹಾಗಾಗಿ ಗಂಟು ಬಿಚ್ಚದೆ ಇಪ್ಪತ್ತು ನಿಮಿಷ ತೇಲಿಸಿಟ್ಟೆ. ಉಷ್ಣತೆ ಒಂದಾದ ಮೇಲೆ ಮೀನನ್ನಷ್ಟೇ ಟಬ್ಬಿಗೆ ಬಿಟ್ಟೆ, ಕೊಟ್ಟೆಯ ನೀರು ಹೊರಗೆ ಚೆಲ್ಲಿದೆ.

ಟಬ್ ಅಂದರೆ ಬಟ್ಟೆ ನೆನೆಸುವ 50 ಲೀಟರಿನ ನೀಲಿ ಪ್ಲಾಸ್ಟಿಕ್ ಟಬ್. ಅಂಗಡಿಯ ಹಿಂದಿನ ಕೋಣೆಯಲ್ಲಿ, ದೊಡ್ಡ ತೊಟ್ಟಿಯಿಂದ ದೂರ. ಲೀಟರ್ ಮಗ್ಗಿನಲ್ಲಿ ಎಣಿಸಿ 40 ಲೀಟರ್ ಸುರಿದು ಅಲ್ಲಿಗೆ ಮಾರ್ಕರಿನಿಂದ ಗೆರೆ ಎಳೆದೆ. ಔಷಧಿ ಲೆಕ್ಕಕ್ಕೆ ಈ ಗೆರೆಯೇ ಆಧಾರ. ಸ್ಪಂಜ್ ಫಿಲ್ಟರನ್ನು ಒಂದು ತಿಂಗಳು ಮೊದಲೇ ದೊಡ್ಡ ತೊಟ್ಟಿಯಲ್ಲಿ ಓಡಿಸಿ ಬ್ಯಾಕ್ಟೀರಿಯಾ ಕೂರಿಸಿದ್ದೆ. ನೀರು ನಮ್ಮ ಬಾವಿಯದು. ಚಿರೆಕಲ್ಲಿನ ಬಾವಿ, ಮಳೆಗಾಲದಲ್ಲಿ ಹೆಚ್ಚುಕಡಿಮೆ ಮಳೆನೀರೇ. ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) 45, ಪಿಎಚ್ 6.4. ಗೋಲ್ಡ್‌ಫಿಶ್‌ಗೆ ಇದು ತೀರಾ ಮೆದು. ಅಘನಾಶಿನಿ ಅಳಿವೆಯ ಬಳಚು ಚಿಪ್ಪು ಒಂದು ಹಿಡಿ ತೊಳೆದು ಕುದಿಸಿ ಬಟ್ಟೆಯ ಚೀಲದಲ್ಲಿ ಕಟ್ಟಿ ಇಳಿಬಿಟ್ಟಿದ್ದೆ. ವಾರದಲ್ಲಿ ಪಿಎಚ್ 7ರ ಮೇಲೆ ಬಂದು ನಿಂತಿತ್ತು. ನೀರಿನ ಉಷ್ಣತೆ 23 ಡಿಗ್ರಿ.

ಎರಡು ದಿನ ಏನೂ ಇಲ್ಲ. ಮೂರನೇ ದಿನ ಬೆಳಿಗ್ಗೆ ನೋಡಿದರೆ ನಾಲ್ಕೂ ಮೇಲೆ ಬಂದು ಬಾಯಿ ಬಡಿಯುತ್ತಿವೆ. ಒಂದು ಮೀನು ಫಿಲ್ಟರಿನ ಪೈಪಿಗೆ ಓರೆಯಾಗಿ ಹೋಗಿ ಮೈ ತಿಕ್ಕಿತು, ಥಟ್ಟನೆ ತಿರುಗಿತು, ಮತ್ತೆ ತಿಕ್ಕಿತು.

ಕೈ ಔಷಧಿಯ ಕಪಾಟಿನ ಕಡೆ ಹೋಗಿತ್ತು, ಸುಳ್ಳು ಯಾಕೆ ಹೇಳಲಿ. ತಡೆದುಕೊಂಡು ಮೊದಲು ನೀರು ಟೆಸ್ಟ್ ಮಾಡಿದೆ. ಅಮೋನಿಯಾ 0.5 ಮತ್ತು 1 ಪಿಪಿಎಂ ನಡುವೆ. ಮಗನನ್ನು ಕರೆದು ಕೇಳಿದೆ. "ಹಸಿವಾಗಿತ್ತು ಪಾಪ, ಮೂರು ಸಲ ಹಾಕಿದೆ" ಎಂದ. ಟಬ್ಬಿನ ತಳದಲ್ಲಿ ಕೊಳೆತ ಕಾಳಿನ ಪದರವೇ ಇತ್ತು. ಚಿಪ್ಪು ಹಾಕಿ ಪಿಎಚ್ ಏರಿಸಿದ ಬುದ್ಧಿವಂತ ನಾನೇ ತಾನೆ? ಬರೀ ಬಾವಿ ನೀರಿದ್ದಿದ್ದರೆ ಅಷ್ಟೇ ಅಮೋನಿಯಾ ಇಷ್ಟು ಕಾಡುತ್ತಿರಲಿಲ್ಲ. ತಳ ಹೀರಿ ತೆಗೆದು ಅರ್ಧ ನೀರು ಬದಲಿಸಿದೆ, ಮಗನಿಗೆ ರಜೆ ಕೊಟ್ಟೆ.

ಮರುದಿನ ಅಮೋನಿಯಾ ಸೊನ್ನೆ. ಎರಡು ಮೀನು ಸರಿಯಾದವು. ಇನ್ನೆರಡು ಆಗಲಿಲ್ಲ. ಮೊಬೈಲಿನ ಸ್ಲೋಮೋಷನ್‌ನಲ್ಲಿ ವಿಡಿಯೋ ಮಾಡಿ ಕಿವಿರಿನ ಬಡಿತ ಎಣಿಸಿದೆ. ದೊಡ್ಡ ತೊಟ್ಟಿಯ ಹಳೆಯ ಗೋಲ್ಡ್‌ಫಿಶ್ ನಿಮಿಷಕ್ಕೆ ಸುಮಾರು 70, ಈ ಎರಡು 110ರ ಮೇಲೆ. ಒಂದು ಮೀನು ಎಡ ಕಿವಿರಿನ ಮುಚ್ಚಳವನ್ನು ಅದುಮಿಕೊಂಡು ಬಲಗಡೆಯಿಂದ ಮಾತ್ರ ಉಸಿರಾಡುತ್ತಿತ್ತು. ನೀರಿನ ತೊಂದರೆಯಾದರೆ ನಾಲ್ಕಕ್ಕೂ ಒಂದೇ ಥರ ಇರಬೇಕಲ್ವಾ? ಒಂದೇ ಪಕ್ಕದ ಕಿವಿರು ಮುಚ್ಚಿಕೊಂಡಿದೆ ಅಂದರೆ ಆ ಕಿವಿರಿನಲ್ಲೇ ಏನೋ ಇದೆ.

ಅಷ್ಟರಲ್ಲಿ ಆಯಿ ಬಂದವಳು "ಇದಕ್ಕೆ ಬಿಳಿ ಚುಕ್ಕಿ ಎದ್ದಿದೆ ನೋಡು" ಎಂದಳು. ಎದೆ ಧಸಕ್ಕೆಂದಿತು. ಬಿಳಿ ಚುಕ್ಕೆ ರೋಗ, ಅಂದರೆ ಇಕ್, ಬಂದರೆ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಕಾಣುತ್ತದೆ. ಹತ್ತಿರದಿಂದ ನೋಡಿದೆ. ಚುಕ್ಕೆಗಳು ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ಪಕ್ಕದ ಈಜುರೆಕ್ಕೆಯ ಮುಂದಿನ ಕಡ್ಡಿಯ ಮೇಲೆ ಮಾತ್ರ ಇವೆ, ಪೋಣಿಸಿದ ಹಾಗೆ ಸಾಲಾಗಿ. ಬೇರೆಲ್ಲೂ ಇಲ್ಲ. ಇಕ್ ಹೀಗೆ ಸಾಲು ಹಿಡಿದು ಕೂರುವುದಿಲ್ಲ. ಗಂಡು ಗೋಲ್ಡ್‌ಫಿಶ್ ಪ್ರಾಯಕ್ಕೆ ಬಂದಾಗ ಏಳುವ ಗುಳ್ಳೆಗಳು ಇವು. ಹುಡುಗರಿಗೆ ಮೀಸೆ ಬಂದ ಹಾಗೆ. ಇದಕ್ಕೆ ಔಷಧಿ ಹಾಕಿ ಮೀನು ಕೊಂದವರು ಎಷ್ಟು ಜನರೋ.

ಈಗ ನೋಡುವ ಕೆಲಸ. ನನ್ನ ಟೇಬಲ್ಲಿನ ಮೇಲೆ ಬೋರ್ಡ್ ರಿಪೇರಿಯ ಸ್ಟೀರಿಯೋ ಮೈಕ್ರೋಸ್ಕೋಪ್ ಇದೆ. ಸೋಲ್ಡರಿಂಗ್‌ಗೆ ಜಾಗ ಸಿಗಲಿ ಅಂತ ಅದಕ್ಕೆ ಕೆಳಗೊಂದು 0.5 ಪಟ್ಟಿನ ಬಾರ್ಲೋ ಲೆನ್ಸ್ ಸಿಕ್ಕಿಸಿರುತ್ತೇವೆ. ಅದನ್ನು ಬಿಚ್ಚಿದರೆ 45 ಪಟ್ಟು, ಮೇಲಿನ ಕಣ್ಣುಕೊಳವೆ ಬದಲಿಸಿ 20 ಪಟ್ಟಿನದು ಹಾಕಿದರೆ 90 ಪಟ್ಟು. ಮೀನಿನ ಚರ್ಮಕ್ಕೆ ಕಚ್ಚಿಕೊಳ್ಳುವ ಫ್ಲೂಕ್ ಎಂಬ ಹುಳ ಅರ್ಧ ಮಿಲಿಮೀಟರ್ ಆಸುಪಾಸು ಇರುತ್ತದೆ, ಅದಕ್ಕೆ ಇಷ್ಟು ಧಾರಾಳ ಸಾಕು. ಕೋಸ್ಟಿಯಾದಂಥ ಸಣ್ಣ ಜೀವಿಗೆ ಸಾಲದು, ಅದಕ್ಕೆ ಕಾಲೇಜಿನ ಲ್ಯಾಬಿನಲ್ಲಿರುವಂಥ 400 ಪಟ್ಟಿನ ಮೈಕ್ರೋಸ್ಕೋಪ್ ಬೇಕು.

ತೊಡಕು ಬೆಳಕಿನದು. ಬೋರ್ಡಿಗೆ ಮೇಲಿನಿಂದ ಬೆಳಕು ಬೀಳುತ್ತದೆ. ಹುಳ ಗಾಜಿನಂತೆ ಪಾರದರ್ಶಕ, ಅದಕ್ಕೆ ಕೆಳಗಿನಿಂದ ಬೆಳಕು ಬೇಕು. ಗುಜರಿ ಡಬ್ಬಿಯಲ್ಲಿ ಗಾಜು ಒಡೆದ ಒಂದು ಎಲ್‌ಸಿಡಿ ಡಿಸ್‌ಪ್ಲೇ ಇತ್ತು. ಗಾಜು ಕಿತ್ತು ಹಿಂದಿನ ಬ್ಯಾಕ್‌ಲೈಟ್ ಹಾಳೆಯನ್ನಷ್ಟೇ ಉಳಿಸಿಕೊಂಡೆ. ಅದರ ಅಂಚಿನಲ್ಲಿ ಆರು ಎಲ್‌ಇಡಿಗಳು ಸರಣಿಯಲ್ಲಿವೆ, ಹಾಗಾಗಿ 5 ವೋಲ್ಟಿಗೆ ಹತ್ತುವುದಿಲ್ಲ. ಫ್ಲೆಕ್ಸ್ ಪಟ್ಟಿಯ ಮೇಲಿನ ಲೇಪ ಕೆರೆದು ಎರಡು ತಂತಿ ಬೆಸೆದೆ. ಬೆಂಚ್ ಸಪ್ಲೈನಲ್ಲಿ ಕರೆಂಟ್ 20 ಮಿಲಿಆಂಪಿಗೆ ಕಟ್ಟಿ ವೋಲ್ಟೇಜ್ ಮೆಲ್ಲಗೆ ಏರಿಸಿದೆ. 18 ವೋಲ್ಟಿನ ಹತ್ತಿರ ಹಾಲಿನಂಥ ಬೆಳಕು ಬಂತು. ಕರೆಂಟ್ ಕಟ್ಟದೆ ಏರಿಸಿದರೆ ಎಲ್‌ಇಡಿ ಸುಟ್ಟೇ ಹೋಗುತ್ತದೆ, ಹುಷಾರು.

ಸ್ಲೈಡಿಗೆ ಬದಲು ಅಂಗಡಿಯಲ್ಲೇ ರಾಶಿ ಬಿದ್ದಿರುವ ಟೆಂಪರ್ಡ್ ಗ್ಲಾಸ್ ಬಳಸೋಣ ಅಂದುಕೊಂಡೆ. ನೀರಿನ ಹನಿ ಮುತ್ತಿನ ಹಾಗೆ ಗುಂಡಗೆ ನಿಂತಿತು, ಹರಡಲೇ ಇಲ್ಲ. ಬೆರಳಿನ ಜಿಡ್ಡು ಹತ್ತದಿರಲಿ ಅಂತ ಅದಕ್ಕೆ ಲೇಪ ಹಾಕಿರುತ್ತಾರಲ್ಲ, ಅದರ ಕೆಲಸ. ನೂರು ರೂಪಾಯಿ ಉಳಿಸಲು ಹೋಗಿ ಅರ್ಧ ದಿನ ಹಾಳು. ಕೊನೆಗೆ ಲ್ಯಾಬಿಗೆ ಸಾಮಾನು ಕೊಡುವವರಲ್ಲಿ ಸ್ಲೈಡು, ಕವರ್‌ಸ್ಲಿಪ್ ತಂದೆ. ಟೆಂಪರ್ಡ್ ಗ್ಲಾಸನ್ನು ಬ್ಯಾಕ್‌ಲೈಟಿಗೆ ನೀರು ತಾಗದಂತೆ ಮೇಲೆ ಮುಚ್ಚಲು ಬಳಸಿದೆ.

ಲೋಳೆ ಕೆರೆಯುವುದು ಹೀಗೆ. ಕೈ ಒದ್ದೆ ಮಾಡಿಕೊಂಡೆ. ಮೀನಿನ ತಲೆ ನೀರಲ್ಲೇ ಇರುವಂತೆ, ಒದ್ದೆ ಬಟ್ಟೆಯಿಂದ ಕಣ್ಣು ಮುಚ್ಚಿ ಹಿಡಿದುಕೊಂಡೆ. ಡಿಸ್‌ಪ್ಲೇ ಬಿಚ್ಚುವ ತೆಳು ಪ್ಲಾಸ್ಟಿಕ್ ಕಾರ್ಡು, ಹೊಸದು, ಅದರ ಅಂಚಿನಿಂದ ಪಕ್ಕದ ಮೈಮೇಲೆ ತಲೆಯಿಂದ ಬಾಲದ ಕಡೆಗೆ ಒಂದೇ ಸಲ ಮೆಲ್ಲಗೆ ಎಳೆದೆ. ಉಲ್ಟಾ ಎಳೆದರೆ ಹುರುಪೆ ಏಳುತ್ತದೆ. ಕಾರ್ಡಿಗೆ ಹತ್ತಿದ ಸಿಂಬಳದಂಥ ಲೋಳೆಯನ್ನು ಸ್ಲೈಡಿಗೆ ಒರೆಸಿ, ಟಬ್ಬಿನದೇ ನೀರು ಒಂದು ಹನಿ ಹಾಕಿ, ಕವರ್‌ಸ್ಲಿಪ್ ಮುಚ್ಚಿದೆ. ಒಟ್ಟು ಇಪ್ಪತ್ತು ಸೆಕೆಂಡು. ತಕ್ಷಣ ನೋಡಬೇಕು. ಹುಳ ಸತ್ತರೆ ಲೋಳೆಯಲ್ಲಿ ಯಾವುದು ಏನು ಅಂತ ಗೊತ್ತಾಗುವುದಿಲ್ಲ. ಅಲ್ಲಾಡುವುದೇ ಅದರ ಗುರುತು.

ಮೊದಲ ಸ್ಲೈಡಿನಲ್ಲಿ ಬರೀ ಬಿಳಿ ಮಂಜು. ಎರಡನೆಯದರಲ್ಲೂ ಅದೇ. ಬೆಳಕು ಜಾಸ್ತಿಯಾಗಿ ಎಲ್ಲ ಒಂದೇ ಬಣ್ಣವಾಗಿದೆ ಅನಿಸಿತು. ಬ್ಯಾಕ್‌ಲೈಟಿನ ಅರ್ಧಕ್ಕೆ ಕಪ್ಪು ಟೇಪ್ ಅಂಟಿಸಿ, ಬೆಳಕು ಓರೆಯಾಗಿ ಬರುವಂತೆ ಸ್ಲೈಡನ್ನು ಟೇಪಿನ ಅಂಚಿಗೆ ತಂದೆ. ಅಬ್ಬಾ! ಲೋಳೆಯ ಎಳೆ, ಗುಳ್ಳೆ, ಹುರುಪೆಯ ಚೂರು ಎಲ್ಲಕ್ಕೂ ನೆರಳು ಬಂದು ಉಬ್ಬುಚಿತ್ರದಂತೆ ಎದ್ದು ನಿಂತವು. ಆ ಉಬ್ಬುಗಳ ನಡುವೆ ಒಂದು ಮಾತ್ರ ಚಾಚಿಕೊಂಡಿತು, ಕುಗ್ಗಿತು, ಮತ್ತೆ ಚಾಚಿಕೊಂಡಿತು. ನಮ್ಮ ಕಾಡಿನ ಉಂಬಳ ಎಲೆ ತುದಿಯಲ್ಲಿ ನಿಂತು ಕಾಲು ಹುಡುಕುತ್ತದಲ್ಲ, ಥೇಟ್ ಹಾಗೆ. ಹಿಂಬದಿ ಲೋಳೆಗೆ ಕಚ್ಚಿಕೊಂಡಿದೆ, ಮುಂಬದಿ ನೀರಲ್ಲಿ ತಡಕುತ್ತಿದೆ. ತಲೆಯಲ್ಲಿ ಕಪ್ಪು ಚುಕ್ಕೆ ಇಲ್ಲ. ಹೊಟ್ಟೆಯ ಮಧ್ಯದಲ್ಲಿ ಇನ್ನೊಂದು ಜೊತೆ ಕೊಕ್ಕೆಯ ನೆರಳು.

ಗೈರೊಡ್ಯಾಕ್ಟೈಲಸ್. ಚರ್ಮದ ಫ್ಲೂಕ್. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹೊಟ್ಟೆಯಲ್ಲಿರುವ ಮರಿಯೊಳಗೆ ಆಗಲೇ ಇನ್ನೊಂದು ಮರಿ ಬೆಳೆಯುತ್ತಿರುತ್ತದೆ. ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಅರ್ಧ ಮಿಲಿಮೀಟರಿನಲ್ಲಿ. ನಾನು ಕಂಡ ಕೊಕ್ಕೆ ಒಳಗಿನ ಮರಿಯದು. ಎರಡು ಮೀನಿನ ನಾಲ್ಕು ಸ್ಲೈಡಿನಲ್ಲಿ ಒಟ್ಟು ಐದು ಹುಳ ಸಿಕ್ಕವು. ಇಕ್ ಇದ್ದರೆ ದುಂಡಗೆ, ಮೈಸುತ್ತ ರೋಮ ಆಡಿಸುತ್ತ, ನಿಧಾನವಾಗಿ ತಿರುಗಬೇಕು. ಅಂಥದ್ದು ಒಂದೂ ಕಾಣಲಿಲ್ಲ. ಆ ವಿಡಿಯೋವನ್ನು ಅವತ್ತು ಬಂದ ಗಿರಾಕಿಗಳಿಗೆಲ್ಲ ತೋರಿಸಿದೆ. ಒಬ್ಬರು ಚಹಾ ಅರ್ಧಕ್ಕೇ ಬಿಟ್ಟರು.

ಈ ಹುಳಕ್ಕೆ ಔಷಧಿ ಪ್ರಾಜಿಕ್ವಾಂಟೆಲ್. ನಾಯಿಗೆ ಕೊಡುವ ಹುಳದ ಮಾತ್ರೆಯಲ್ಲೂ ಇರುತ್ತದೆ, ಆದರೆ ಅಲ್ಲಿ ಪೈರಾಂಟೆಲ್ ಮುಂತಾದವು ಬೆರೆತಿರುತ್ತವೆ. ನನಗೆ ಒಂಟಿಯಾಗಿ ಬೇಕಿತ್ತು. ಪಶುವೈದ್ಯರ ಹತ್ತಿರ ವಿಡಿಯೋ ತೋರಿಸಿ ಚೀಟಿ ಬರೆಸಿಕೊಂಡೆ. ಮೆಡಿಕಲ್‌ನವರು 600 ಮಿಲಿಗ್ರಾಂ ಮಾತ್ರೆ ತರಿಸಲು ಎರಡು ದಿನ ಎಂದರು. ಅಲ್ಲಿಯವರೆಗೆ ಉಪ್ಪು. ಆಯಿ ಅಪ್ಪೆಮಿಡಿ ಹಾಕಿ ಉಳಿಸಿಟ್ಟ ಸಾಣಿಕಟ್ಟಾ ಹರಳುಪ್ಪಿನ ಭರಣಿಗೆ ಕೈ ಹಾಕಿದೆ. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ 80 ಗ್ರಾಂ, ಕರಗಿಸಿ ಮೂರು ಕಂತಿನಲ್ಲಿ. ಇದು ಫ್ಲೂಕನ್ನು ಪೂರ್ತಿ ಕೊಲ್ಲುವುದಿಲ್ಲ. ಗಾಯವಾದ ಚರ್ಮದ ಮೀನಿಗೆ ಸ್ವಲ್ಪ ಆರಾಮ, ಅಮೋನಿಯಾದಿಂದ ಆಗುವ ನೈಟ್ರೈಟ್ ಏರಿದರೂ ಕಾಪಾಡುತ್ತದೆ. ಉಪ್ಪು ಆವಿಯಾಗಿ ಹೋಗುವುದಿಲ್ಲ, ಹಾಗಾಗಿ 20 ಲೀಟರ್ ನೀರು ಬದಲಿಸಿದರೆ 40 ಗ್ರಾಂ ಮಾತ್ರ ಮತ್ತೆ ಹಾಕಬೇಕು.

ಆರನೇ ರಾತ್ರಿ ಜಡಿಮಳೆ. ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ನಾನು ನಿಶ್ಚಿಂತೆಯಿಂದ ಮಲಗಿದ್ದೆ, ಯಾಕೆಂದರೆ ಯುಎಸ್‌ಬಿ ಏರ್ ಪಂಪನ್ನು ಪವರ್‌ಬ್ಯಾಂಕಿಗೆ ಜೋಡಿಸಿದ್ದೆ. ಬೆಳಿಗ್ಗೆ ಬಾಗಿಲು ತೆರೆದಾಗ ಪಂಪಿನ ಸದ್ದಿಲ್ಲ. ಮೂರು ಮೀನು ಮೇಲೆ ಬಾಯಿ ಬಡಿಯುತ್ತಿವೆ. ಎಡ ಕಿವಿರು ಮುಚ್ಚಿಕೊಂಡಿದ್ದದ್ದು ಪಕ್ಕಕ್ಕೆ ಬಿದ್ದು ಕೊನೆಯುಸಿರು ಎಳೆಯುತ್ತಿತ್ತು. ಹತ್ತು ನಿಮಿಷದಲ್ಲಿ ಹೋಯಿತು.

ತಪ್ಪು ನನ್ನದೇ. ಪವರ್‌ಬ್ಯಾಂಕ್ ಕರೆಂಟು ತೀರಾ ಕಡಿಮೆ ಎಳೆದರೆ ಮೊಬೈಲ್ ಚಾರ್ಜ್ ಮುಗಿಯಿತು ಅಂದುಕೊಂಡು ತಾನೇ ಆಫ್ ಆಗುತ್ತದೆ. ನನ್ನ ಪಂಪು ಎಳೆಯುವುದು 60 ಮಿಲಿಆಂಪ್ ಮಾತ್ರ. ಟೆಸ್ಟ್ ಮಾಡುವಾಗ ಜೊತೆಗೊಂದು ಸಣ್ಣ ಯುಎಸ್‌ಬಿ ದೀಪ ಹಾಕಿದ್ದೆ, ಅದಕ್ಕೇ ಓಡಿತ್ತು. ದೀಪ ತೆಗೆದ ಮೇಲೆ ಮತ್ತೆ ಟೆಸ್ಟ್ ಮಾಡಲಿಲ್ಲ. ದಿನಾ ಇದೇ ಕೆಲಸ ಮಾಡುವವನು! ಪಂಪಿಗೆ ಸಮಾನಾಂತರವಾಗಿ 47 ಓಮಿನ 1 ವ್ಯಾಟ್ ರೆಸಿಸ್ಟರ್ ಬೆಸೆದೆ. ಅದು ಸುಮ್ನೆ 106 ಮಿಲಿಆಂಪ್ ಎಳೆದು ಅರ್ಧ ವ್ಯಾಟ್ ಬಿಸಿ ಮಾಡುತ್ತ ಕೂರುತ್ತದೆ, ಪವರ್‌ಬ್ಯಾಂಕ್ ಎಚ್ಚರವಾಗಿರುತ್ತದೆ. ಈ ಸಲ ಇಡೀ ರಾತ್ರಿ ಓಡಿಸಿ ನೋಡಿದೆ.

ಸತ್ತ ಮೀನನ್ನು ಗಿಡದ ಬುಡಕ್ಕೆ ಹಾಕುವ ಮೊದಲು ಕಿವಿರು ನೋಡಬೇಕಿತ್ತು. ತಡಮಾಡಿದರೆ ಹುಳಗಳೂ ಸತ್ತು ಕರಗುತ್ತವೆ. ಮುಚ್ಚಳ ಕತ್ತರಿಸಿ ಎಡ ಕಿವಿರಿನ ಒಂದು ಕಮಾನು ತೆಗೆದೆ. ಕೆಂಪಗೆ ಇರಬೇಕಾದದ್ದು ತುದಿಯಲ್ಲಿ ಮಾಸಲು, ಮೇಲೆ ದಪ್ಪ ಲೋಳೆ. ನಾಲ್ಕಾರು ಎಳೆ ಕತ್ತರಿಸಿ ಸ್ಲೈಡಿಗಿಟ್ಟೆ. ಬಾಚಣಿಗೆಯ ಹಲ್ಲಿನಂಥ ಎಳೆಗಳ ಸಂದಿಯಿಂದ ಹುಳ ಚಾಚಿಕೊಳ್ಳುತ್ತಿದ್ದವು. ಒಂದೆರಡಲ್ಲ, ಒಂದೇ ನೋಟಕ್ಕೆ ಹನ್ನೊಂದು. ಆದರೆ ಇವು ಬೇರೆ. ತಲೆಯಲ್ಲಿ ನಾಲ್ಕು ಕಪ್ಪು ಚುಕ್ಕೆ, ಯಾರೋ ಸೂಜಿಯಲ್ಲಿ ಮಸಿ ಇಟ್ಟ ಹಾಗೆ. ಅವು ಕಣ್ಣು. ಹೊಟ್ಟೆಯಲ್ಲಿ ಮರಿಯ ಕೊಕ್ಕೆ ಇಲ್ಲ.

ಡ್ಯಾಕ್ಟೈಲೋಗೈರಸ್, ಕಿವಿರಿನ ಫ್ಲೂಕ್. ಎರಡೂ ಇದ್ದವು! ಮೈಯ ಲೋಳೆ ನೋಡಿ ಎಲ್ಲ ಗೊತ್ತಾಯಿತು ಅಂದುಕೊಂಡಿದ್ದೆ. ಔಷಧಿ ಎರಡಕ್ಕೂ ಒಂದೇ, ಲೆಕ್ಕ ಮಾತ್ರ ಬೇರೆ. ಮರಿ ಹಾಕುವ ಹುಳಕ್ಕೆ ಒಂದು ಸಲ ಸರಿಯಾಗಿ ಹಾಕಿದರೆ ಬಹುಮಟ್ಟಿಗೆ ಮುಗಿಯಿತು. ಕಿವಿರಿನದು ಮೊಟ್ಟೆ ಇಡುತ್ತದೆ, ಮೊಟ್ಟೆಗೆ ಪ್ರಾಜಿಕ್ವಾಂಟೆಲ್ ತಾಗುವುದಿಲ್ಲ. ಮೊಟ್ಟೆಯೊಡೆದು ಮರಿ ಬಂದು, ಅದು ಬೆಳೆದು ಹೊಸ ಮೊಟ್ಟೆ ಇಡುವ ಮೊದಲೇ ಮತ್ತೊಂದು ಡೋಸ್ ಬೀಳಬೇಕು. ನೀರು ತಂಪಿದ್ದಷ್ಟು ಮೊಟ್ಟೆ ಒಡೆಯುವುದು ತಡ. ನಮ್ಮ ಆಷಾಢದ ನೀರಿಗೆ ವಾರಕ್ಕೊಂದರಂತೆ ಮೂರು ಡೋಸ್ ಅಂತ ತೀರ್ಮಾನಿಸಿದೆ. ಕಿವಿರು ನೋಡದಿದ್ದರೆ ಒಂದಕ್ಕೇ ನಿಲ್ಲಿಸುತ್ತಿದ್ದೆ.

ಮಾತ್ರೆ ಬಂತು. ಲೀಟರಿಗೆ 2.5 ಮಿಲಿಗ್ರಾಂ, 40 ಲೀಟರಿಗೆ 100 ಮಿಲಿಗ್ರಾಂ. ಅಂದರೆ 600ರ ಮಾತ್ರೆಯ ಆರನೇ ಒಂದು ಪಾಲು. ಇಲ್ಲಿ ಎಡವುವುದು ಸುಲಭ. 600 ಮಿಲಿಗ್ರಾಂ ಎಂದರೆ ಔಷಧಿಯ ತೂಕ, ಮಾತ್ರೆಯ ತೂಕವಲ್ಲ. ಅಂಟು, ಪುಡಿ ಎಲ್ಲ ಸೇರಿ ನನ್ನ ಮಾತ್ರೆ ತಕ್ಕಡಿಯಲ್ಲಿ 0.84 ಗ್ರಾಂ ತೂಗಿತು. ಅದರ ಆರನೇ ಪಾಲು 0.14 ಗ್ರಾಂ. 0.10 ಗ್ರಾಂ ತೂಗಿ ಹಾಕಿದ್ದರೆ ಡೋಸ್ ಕಡಿಮೆಯಾಗುತ್ತಿತ್ತು. ಪೂರ್ತಿ ಮಾತ್ರೆ ಅರೆದು, ಪುಡಿಯನ್ನು ಆರು ಪಾಲು ಮಾಡಿ ಪೊಟ್ಟಣ ಕಟ್ಟಿಟ್ಟೆ. ಅರೆದದ್ದು ಅಡುಗೆಮನೆಯ ಕುಟ್ಟಾಣಿಯಲ್ಲಲ್ಲ, ಬೇರೆಯದರಲ್ಲಿ.

ಈ ಔಷಧಿ ನೀರಲ್ಲಿ ಸುಲಭಕ್ಕೆ ಕರಗುವುದಿಲ್ಲ. ಆಲ್ಕೋಹಾಲಿನಲ್ಲಿ ಕರಗುತ್ತದೆ. ಬೋರ್ಡ್ ತೊಳೆಯುವ ಐಸೊಪ್ರೊಪೈಲ್ ಬಾಟಲಿ ಕೈಗೆಟಕುವಷ್ಟು ದೂರದಲ್ಲೇ ಇತ್ತು, ಆದರೆ ಅದನ್ನು ಮೀನಿಗೆ ಹಾಕುವ ಧೈರ್ಯ ಬರಲಿಲ್ಲ. ಒಂದು ಲೀಟರ್ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಪುಡಿ ಹಾಕಿ ಹತ್ತು ನಿಮಿಷ ಕುಲುಕಿ, ಪಂಪಿನ ಗುಳ್ಳೆ ಏಳುವಲ್ಲಿ ಸುರಿದೆ. ನೀರು ಸ್ವಲ್ಪ ಮಬ್ಬಾಯಿತು. ಮಾತ್ರೆಯ ಪುಡಿಯಿಂದ ಹಾಗಾಗುತ್ತದೆ, ಗಾಳಿ ಜಾಸ್ತಿ ಬಿಟ್ಟರೆ ಸಾಕು. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ಮೊದಲೇ ತೆಗೆಯಬೇಕು, ಔಷಧಿ ಹೀರಿಬಿಡುತ್ತದೆ.

ಎರಡನೇ ದಿನಕ್ಕೆ ಮೈ ತಿಕ್ಕುವುದು ನಿಂತಿತು. ವಾರದ ಕೊನೆಗೆ ತಳ ಹೀರಿ ಅರ್ಧ ನೀರು ಬದಲಿಸಿ ಎರಡನೇ ಡೋಸ್. ಮತ್ತೊಂದು ವಾರಕ್ಕೆ ಮೂರನೆಯದು. ಪ್ರತಿ ದಿನ ಅಮೋನಿಯಾ ಟೆಸ್ಟ್, ಒಂದು ದಿನವೂ ಏರಲಿಲ್ಲ. ನೀಲಿ ಔಷಧಿಯ ಹಾಗೆ ಇದು ಫಿಲ್ಟರಿಗೆ ಕೈ ಹಚ್ಚಲಿಲ್ಲ. ಮೂರನೇ ಡೋಸ್ ಆಗಿ ಹತ್ತು ದಿನ ಬಿಟ್ಟು ಮೂರೂ ಮೀನಿನ ಲೋಳೆ ಮತ್ತೆ ಕೆರೆದು ನೋಡಿದೆ. ಆರು ಸ್ಲೈಡು, ಒಂದೂ ಹುಳ ಇಲ್ಲ. ಬದುಕಿರುವ ಮೀನಿನ ಕಿವಿರನ್ನು ಕತ್ತರಿಸಿ ನೋಡಲು ನನಗೆ ಕೈ ಬರುವುದಿಲ್ಲ, ಹಾಗಾಗಿ ಉಸಿರು ಎಣಿಸಿದೆ. 74, 70, 72. ಎರಡೂ ಕಡೆಯ ಮುಚ್ಚಳ ಸಮನಾಗಿ ಆಡುತ್ತಿದ್ದವು.

ತಂದ ನಲವತ್ತನೇ ದಿನ ಮೂರನ್ನೂ ದೊಡ್ಡ ತೊಟ್ಟಿಗೆ ಬಿಟ್ಟೆ. ಮೀಸೆ ಬಂದ ಗಂಡು ಆಗಲೇ ಹಳೆಯ ಹೆಣ್ಣಿನ ಹಿಂದೆ ಓಡಾಡುತ್ತಿದೆ. ಉಳಿದ ಮೂರು ಪೊಟ್ಟಣ ಔಷಧಿಗೆ "ಮೀನಿನದು, ತಲೆನೋವಿಗಲ್ಲ" ಅಂತ ಬರೆದು ಬೀಗದ ಡ್ರಾಯರಿನಲ್ಲಿಟ್ಟೆ. ಟಬ್, ಪೈಪು, ಬಲೆಯನ್ನು ಬ್ಲೀಚಿಂಗ್ ಪುಡಿಯ ನೀರಲ್ಲಿ ನೆನೆಸಿ ತೊಳೆದೆ. ಚೆನ್ನಾಗಿ ಒಣಗಿದರೆ ಮೊಟ್ಟೆ ಉಳಿಯುವುದಿಲ್ಲ, ಆದರೆ ಶ್ರಾವಣದ ಶಿರಸಿಯಲ್ಲಿ ಬಿಸಿಲೆಲ್ಲಿ? ಬಲೆಯನ್ನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿದೆ. ಆಯಿ ಸ್ನಾನಕ್ಕೆ ಜೋರಾಗಿ ಉರಿ ಹಾಕಿದಳು. ನೈಲಾನ್ ಬಲೆ ಕರಗಿ ಮುದ್ದೆಯಾಗಿ ಹಂಡೆಯ ಮುಚ್ಚಳಕ್ಕೆ ಅಂಟಿ ಕೂತಿದೆ. ಅದನ್ನು ಕೆರೆಯಲು ಅದೇ ಪ್ಲಾಸ್ಟಿಕ್ ಕಾರ್ಡು ಸಾಲಲಿಲ್ಲ.